ಪಿಕಪ್ಪಿಗೇ ಪಿಕಪ್ ಇಲ್ಲ: ಲೋಡ್ ಹಾಕಿದರೆ ಉಸಿರುಗಟ್ಟುವ ಹಳೇ ಡೀಸೆಲ್ ಗಾಡಿಯ ದೋಷ ಹುಡುಕುವ ಬಗೆ

ದೊಡ್ಡಪ್ಪನ ಹಳೇ ಪಿಕಪ್ ಒಂದೂವರೆ ವರ್ಷ ಹೊಂಗೆ ಮರದ ಕೆಳಗೆ ನಿಂತಿತ್ತು. "ಓಡಿಸೋ ಹಾಗಿದ್ರೆ ತಗೊಂಡೋಗು, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ" ಅಂದರು. ಆಗ ನನಗೆ ಗೊತ್ತಿದ್ದ ಮೆಕ್ಯಾನಿಕ್ ಕೆಲಸ ಅಂದರೆ ಬೈಕಿನ ಪ್ಲಗ್ ಒರೆಸುವುದು, ಅಷ್ಟೇ. ನರಸಾಪುರದಲ್ಲಿ ಶಿಫ್ಟ್ ಕೆಲಸ. ಮನೆಯ ಟೊಮ್ಯಾಟೊ ಕೋಲಾರದ ಎಪಿಎಂಸಿಗೆ ಹಾಕಲು ಪ್ರತಿ ಸಲ ಬಾಡಿಗೆ ಗಾಡಿಗೆ ಫೋನ್ ಮಾಡಿ ಕಾಯಬೇಕಿತ್ತು. ಆಸೆಗೆ ಬಿದ್ದು ತಂದುಬಿಟ್ಟೆ.

ಗಾಡಿಯ ಕಾಯಿಲೆ ಎರಡು. ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಕೈ ಸೋತ ಮೇಲೆ ಸ್ಟಾರ್ಟ್ ಆಗುತ್ತಿತ್ತು. ಖಾಲಿ ಇದ್ದಾಗ ಚೆನ್ನಾಗಿಯೇ ಓಡುತ್ತಿತ್ತು. ಆದರೆ 15 ಕೆಜಿಯ ಕ್ರೇಟು ಅರವತ್ತು ಹಾಕಿ ಶ್ರೀನಿವಾಸಪುರದ ಕಡೆಯಿಂದ ಕೋಲಾರಕ್ಕೆ ಹೊರಟರೆ, ಎಂಟು ಹತ್ತು ಕಿಲೋಮೀಟರ್ ಆದ ಮೇಲೆ ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಸುಸ್ತಾಗಿ ನಿಂತುಬಿಡುವುದು. ಹತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗಿಲ್ಲ ಅನ್ನುವಂತೆ ಮತ್ತೆ ಹೊರಡುವುದು.

ಊರಲ್ಲಿ ಸಲಹೆಗೆ ಬರವಿಲ್ಲ. ಒಬ್ಬರು ಪಂಪ್ ಹೋಗಿದೆ ಅಂದರು, ಇನ್ನೊಬ್ಬರು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್ ಅಂದರು, ಮತ್ತೊಬ್ಬರು ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸು ಅಂದರು. ಒಂದು ಗ್ಯಾರೇಜಿನಲ್ಲಿ ಬಾನೆಟ್ ಸಹ ಎತ್ತದೆ, ಪಂಪ್ ಇಳಿಸಬೇಕು, 20,000 ರೆಡಿ ಮಾಡಿಕೊಳ್ಳಿ ಅಂದರು. ಕೊನೆಗೆ ನನ್ನನ್ನು ಉಳಿಸಿದ್ದು ಪಕ್ಕದ ಮನೆ ತಾತ. ಮೂವತ್ತು ವರ್ಷ ಲಾರಿ ಓಡಿಸಿದವರು. ಅವರು ಸ್ಪ್ಯಾನರ್ ಮುಟ್ಟಲಿಲ್ಲ, ಕಟ್ಟೆ ಮೇಲೆ ಕೂತು ಬರೀ ಪ್ರಶ್ನೆ ಕೇಳಿದರು. ಬಿಚ್ಚುವ ಮೊದಲು ಗಾಡಿಯನ್ನು ಎರಡು ಭಾಗ ಮಾಡು, ತಪ್ಪು ಯಾವ ಭಾಗದಲ್ಲಿದೆ ಹೇಳು, ಆಮೇಲೆ ಬಿಚ್ಚು. ಅವರ ಹಟ ಇದೊಂದೇ.

ಶುರು ಮಾಡುವ ಮೊದಲು

ಇಲ್ಲಿ ಬರೆದಿರುವುದು ಹಳೇ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಗಾಡಿಗೆ. ಪ್ರತಿ ನಾಝಲ್ ತಲೆಯ ಮೇಲೂ ವೈರಿನ ಸಾಕೆಟ್ ಇದ್ದರೆ ಅದು ಕಾಮನ್ ರೈಲ್ ಇಂಜಿನ್, ಅಂದರೆ ಕರೆಂಟಿನಿಂದ ನಾಝಲ್ ತೆರೆಯುವ ಹೊಸ ಬಗೆ. ಅದರ ಪೈಪಿನಲ್ಲಿ 1,000 ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗಿಬಿಡುತ್ತದೆ. ಅದರ ನಟ್ ಸಡಿಲ ಮಾಡಲು ಹೋಗಲೇಬೇಡಿ. ಹಳೇ ಗಾಡಿಯಲ್ಲೂ ನಾಝಲ್ ಪೈಪಿನ ಮುಂದೆ ಬೆರಳು ಇಡಬಾರದು.

ತುಂಬಾ ದಿನ ನಿಂತ ಗಾಡಿಗೆ ನೇರವಾಗಿ ಸೆಲ್ಫ್ ಹೊಡೆಯಬೇಡಿ. ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಒಳಗೆ ನೀರು ಸೇರಿದೆ, ಅಲ್ಲಿಗೇ ನಿಲ್ಲಿಸಿ. ರೇಡಿಯೇಟರ್ ನೀರು, ಬೆಲ್ಟು ನೋಡಿ. ಏರ್ ಫಿಲ್ಟರ್ ಡಬ್ಬಿ ಮರೆಯದೆ ತೆಗೆಯಿರಿ. ನನ್ನ ಗಾಡಿಯ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿತ್ತು. ಕಡಲೆಕಾಯಿ ಸಿಪ್ಪೆ, ಗೋಣಿ ನಾರು, ಅದರ ಮಧ್ಯೆ ನಮ್ಮಮ್ಮ ಹುಡುಕುತ್ತಿದ್ದ ಕರವಸ್ತ್ರದ ಒಂದು ಮೂಲೆ. ಫಿಲ್ಟರ್ ಕಾಗದ ಕಡಿದು ತೂತಾಗಿತ್ತು. ಆ ತೂತಿನಿಂದ ನಮ್ಮ ಕೆಂಪು ಮಣ್ಣಿನ ಧೂಳು ಒಳಗೆ ಹೋದರೆ ಪಿಸ್ಟನ್ ರಿಂಗಿಗೆ ಉಪ್ಪುಕಾಗದ ಉಜ್ಜಿದ ಹಾಗೆ. ಹೊಸದು ಹಾಕಿದೆ.

ಗಾಡಿ ಎಳೆಯುತ್ತಿಲ್ಲವೋ, ಯಾರಾದರೂ ಹಿಡಿದಿದ್ದಾರೋ?

ತಾತ ಮೊದಲು ಹೇಳಿದ್ದು, "ನ್ಯೂಟ್ರಲ್‌ಗೆ ಹಾಕಿ ತಳ್ಳಪ್ಪಾ." ಸಮ ನೆಲದಲ್ಲಿ ಖಾಲಿ ಪಿಕಪ್ಪನ್ನು ಇಬ್ಬರು ತಳ್ಳಿದರೆ ಉರುಳಬೇಕು. ನಾನು, ತಮ್ಮ ಸೇರಿ ತಳ್ಳಿದರೂ ಗಾಡಿ ಅಲುಗಲಿಲ್ಲ. ಎರಡು ಕಿಲೋಮೀಟರ್ ಓಡಿಸಿ ತಂದು ಚಕ್ರಗಳ ಬ್ರೇಕ್ ಡ್ರಮ್ಮಿನ ಹತ್ತಿರ ಕೈ ಹಿಡಿದರೆ ಹಿಂದಿನ ಎಡಗಡೆಯದು ಮಾತ್ರ ಹೆಂಚಿನ ಹಾಗೆ ಕಾದಿತ್ತು. ಹ್ಯಾಂಡ್ ಬ್ರೇಕ್ ಕೇಬಲ್ ತುಕ್ಕು ಹಿಡಿದು ವಾಪಸ್ ಬರುತ್ತಿರಲಿಲ್ಲ. ಬ್ರೇಕ್ ಕೆಲಸ ಹೊಸಬರು ಕಲಿಯುವ ಜಾಗವಲ್ಲ, ಗ್ಯಾರೇಜಿನ ಭಾಯ್ ಕೈಲಿ ಮಾಡಿಸಿದೆ.

ಕ್ಲಚ್ ಕೂಡ ಹೀಗೇ ಮೋಸ ಮಾಡುತ್ತದೆ. ಏರಿನಲ್ಲಿ ಇಂಜಿನ್ ಸದ್ದು ಏರುತ್ತಾ ಹೋಗಿ ಗಾಡಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇಂಜಿನ್ ಸದ್ದೇ ಕುಗ್ಗಿ ಕುಗ್ಗಿ ನಿಂತರೆ ಡೀಸೆಲ್ ಅಥವಾ ಗಾಳಿಯ ಕಡೆ ನೋಡಬೇಕು. ನನ್ನದು ಎರಡನೆಯದು.

ಸೆಲ್ಫ್ ನಿಧಾನ ತಿರುಗಿದರೆ ಬ್ಯಾಟರಿಯನ್ನೇ ಬೈಯಬೇಡಿ

ಬ್ಯಾಟರಿ ಹೊಸದು ಹಾಕಿ ದುಡ್ಡು ಕಳೆದುಕೊಂಡವನ ಮಾತಿದು. ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ, ಚಿಕ್ಕದು ಸಾಕು. ರಾತ್ರಿಯೆಲ್ಲ ನಿಂತ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ತುಂಬಿದೆ ಅಂತ. 12ಕ್ಕೆ ಇಳಿದಿದ್ದರೆ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಗಾಡಿ ಓಡುವಾಗ 13.8ರಿಂದ 14.4ರ ಒಳಗಿದ್ದರೆ ಡೈನಮೋ ಸರಿಯಿದೆ.

ನನ್ನ ಬ್ಯಾಟರಿ ಸೆಲ್ಫ್ ಹೊಡೆಯುವಾಗಲೂ 10.4 ತೋರಿಸುತ್ತಿತ್ತು. ಆದರೂ ಇಂಜಿನ್ ಮುದುಕರು ಮೆಟ್ಟಿಲು ಹತ್ತಿದ ಹಾಗೆ ತಿರುಗುತ್ತಿತ್ತು. ಹಾಗಾದರೆ ಕರೆಂಟು ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ. ಅದನ್ನು ಹಿಡಿಯುವುದು ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಒತ್ತಿ ಹಿಡಿಯಿರಿ. ಬೇರೆಯವರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿನ ಒಳಗೆ ಇರಬೇಕು. ನನಗೆ 1.3 ಬಂತು. ಇಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ತಾಮ್ರದ ಅರ್ತ್ ಪಟ್ಟಿ ಬಿಚ್ಚಿದರೆ, ಬೋಲ್ಟಿನ ಕೆಳಗೆ ಹಸಿರು ಪುಡಿ, ಅದರ ಕೆಳಗೆ ಯಾರೋ ಬಳಿದ ಪೇಂಟು. ಉಪ್ಪುಕಾಗದದಲ್ಲಿ ಹೊಳೆಯುವ ತನಕ ಉಜ್ಜಿ ಬಿಗಿದೆ. 0.2ಕ್ಕೆ ಇಳಿಯಿತು. ಇಂಜಿನ್ ಗಿರ್ರನೆ ತಿರುಗಿತು.

ತಿರುಗಿತು, ಆದರೆ ಸ್ಟಾರ್ಟ್ ಆಗಲು ಮಾತ್ರ ಇನ್ನೂ ಅಷ್ಟೇ ಹೊತ್ತು.

ಹೊಗೆ ನೋಡಿ

ಸೆಲ್ಫ್ ಹೊಡೆಯುವಾಗ ಒಬ್ಬರು ಸೈಲೆನ್ಸರ್ ಹತ್ತಿರ ನಿಂತು ನೋಡಲಿ. ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ಲೇ ತಲುಪುತ್ತಿಲ್ಲ. ಬಿಳಿ ಹೊಗೆ ಬಂದು ಸ್ಟಾರ್ಟ್ ಆಗದಿದ್ದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಶಕ್ತಿ), ಟೈಮಿಂಗ್ (ಡೀಸೆಲ್ ಚಿಮ್ಮುವ ಸಮಯ) ಕಡೆ ಹೋಗಬೇಕು. ಓಡುವಾಗ ಕಪ್ಪು ಹೊಗೆ ಬಂದರೆ ಗಾಳಿ ಕಮ್ಮಿ ಅಥವಾ ಡೀಸೆಲ್ ಜಾಸ್ತಿ. ನೀಲಿ ಆದರೆ ಆಯಿಲ್ ಉರಿಯುತ್ತಿದೆ.

ನನ್ನ ಗಾಡಿ ಬೆಳಿಗ್ಗೆ ಮೊದಲ ಅರ್ಧ ನಿಮಿಷ ಒಂದು ಎಳೆ ಹೊಗೆಯನ್ನೂ ಬಿಡುತ್ತಿರಲಿಲ್ಲ. ಏರಿನಲ್ಲಿ ಸುಸ್ತಾಗುವಾಗಲೂ ಕಪ್ಪು ಹೊಗೆ ಇಲ್ಲ. "ಹೊಟ್ಟೆಗಿಲ್ಲದ ಎತ್ತು ಅದು, ರೋಗದ್ದಲ್ಲ" ಅಂದರು ತಾತ. ಬೋರ್, ಕಂಪ್ರೆಷನ್ ಮಾತು ಅಲ್ಲಿಗೆ ಹಿಂದೆ ಸರಿಯಿತು.

ಕ್ಯಾನ್ ಪರೀಕ್ಷೆ

ಇದೊಂದನ್ನು ಕಲಿತರೆ ಸಾಕು, ಗಾಡಿಯ ಡೀಸೆಲ್ ದಾರಿ ಎರಡು ಭಾಗವಾಗಿ ಬಿಡುತ್ತದೆ. ನನ್ನ ಗಾಡಿಯಲ್ಲಿ ಡೀಸೆಲ್ ಟ್ಯಾಂಕಿನಿಂದ ಚಾಸಿ ಉದ್ದಕ್ಕೂ ಕಬ್ಬಿಣದ ಪೈಪಿನಲ್ಲಿ ಬಂದು, ಗೇಣುದ್ದದ ರಬ್ಬರ್ ಹೋಸ್ ದಾಟಿ, ಫೀಡ್ ಪಂಪಿಗೆ ಸೇರುತ್ತದೆ. ಕೈಯಲ್ಲಿ ಒತ್ತುವ ಪ್ರೈಮರ್ ಗುಂಡಿ ಇರುವುದು ಇದರ ಮೇಲೆಯೇ. ಫೀಡ್ ಪಂಪ್ ಅದನ್ನು ಫಿಲ್ಟರಿಗೆ ತಳ್ಳುತ್ತದೆ, ಅಲ್ಲಿಂದ ದೊಡ್ಡ ಪಂಪ್ (ಗ್ಯಾರೇಜಿನವರು ಇಳಿಸಬೇಕು ಅಂದದ್ದು ಇದನ್ನೇ), ಆಮೇಲೆ ನಾಝಲ್.

ಫೀಡ್ ಪಂಪಿಗೆ ಬರುವ ಹೋಸ್ ಬಿಚ್ಚಿ, ಅಲ್ಲಿಗೆ ಹೊಸ ಹೋಸ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು 5 ಲೀಟರಿನ ಶುದ್ಧ ಡೀಸೆಲ್ ಕ್ಯಾನಿಗೆ ಇಳಿಸಿ. ಮಿಕ್ಕ ಡೀಸೆಲ್ ವಾಪಸ್ ಬರುವ ಪೈಪನ್ನೂ ಕ್ಯಾನಿಗೇ ಬಿಡಿ, ಇಲ್ಲದಿದ್ದರೆ ಕ್ಯಾನ್ ಬೇಗ ಖಾಲಿಯಾಗುತ್ತದೆ. ಕ್ಯಾನಿನ ಮುಚ್ಚಳಕ್ಕೆ ಗಾಳಿಯಾಡುವ ಸಣ್ಣ ತೂತು ಇರಲಿ. ಬಿಸಿ ಸೈಲೆನ್ಸರಿನಿಂದ ದೂರ, ಅಲ್ಲಾಡದ ಹಾಗೆ ಕಟ್ಟಿ. ಪೈಪಿನೊಳಗೆ ಸೇರಿದ ಏರ್ ತೆಗೆದು (ಬಗೆ ಮುಂದೆ ಇದೆ) ಓಡಿಸಿ. ಈಗ ಗಾಡಿ ಸರಿಯಾಗಿ ಓಡಿದರೆ ಪಂಪ್, ನಾಝಲ್, ಇಂಜಿನ್ ಎಲ್ಲಾ ನಿರ್ದೋಷಿ. ತಪ್ಪು ಇರುವುದು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ.

ನಾನು ಕ್ಯಾನನ್ನು ಕ್ಯಾಬಿನ್ನಿನ ಹಿಂದೆ ಎದೆಮಟ್ಟಕ್ಕೆ ಕಟ್ಟಿ ಓಡಿಸಿದೆ. ಸೂಪರ್! ಓಡೋಡಿ ಬಂದು ತಾತನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ. "ನಿನ್ನ ಟ್ಯಾಂಕು ಎಲ್ಲೈತೆ? ಕ್ಯಾನು ಎಲ್ಲಿ ಕಟ್ಟಿದೀಯ?" ಟ್ಯಾಂಕು ಮೊಣಕಾಲಿನ ಮಟ್ಟಕ್ಕಿದೆ. ಕ್ಯಾನ್ ಮೇಲಿದ್ದರೆ ಡೀಸೆಲ್ ತಾನಾಗಿಯೇ ಇಳಿಯುತ್ತದೆ, ಎಳೆಯುವ ಕೆಲಸವೇ ಇರುವುದಿಲ್ಲ. ಫೀಡ್ ಪಂಪ್ ಸೋತಿದ್ದರೂ ಗೊತ್ತಾಗುವುದಿಲ್ಲ. ಮತ್ತೆ ಕೆಳಗೆ, ಟ್ಯಾಂಕಿನ ಎತ್ತರಕ್ಕೇ ಕಟ್ಟಿದೆ. ಅರವತ್ತು ಕ್ರೇಟಿಗೆ ಮಣ್ಣು ತುಂಬಿ ಹಾಕಿಕೊಂಡು ಅದೇ ಏರು ಹತ್ತಿಸಿದೆ. ಹತ್ತಿತು. 20,000 ಉಳಿಯಿತು.

ಗಾಳಿ ಎಲ್ಲಿಂದ ಬರುತ್ತಿದೆ?

ಫೀಡ್ ಪಂಪ್ ದಾಟಿದ ಮೇಲೆ ಡೀಸೆಲ್‌ಗೆ ಒತ್ತಡ ಇದೆ. ಅಲ್ಲಿ ಸಡಿಲ ಇದ್ದರೆ ಹೊರಗೆ ಸೋರುತ್ತದೆ, ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಹಿಂದೆ ಎಳೆತ ಇದೆ. ಅಲ್ಲಿ ಸಡಿಲ ಇದ್ದರೆ ಓಡುವಾಗ ಒಂದು ತೊಟ್ಟೂ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನಾನು ಒಂದು ವಾರ ಸೋರಿಕೆ ಹುಡುಕಿದ್ದು ಇದು ಗೊತ್ತಿಲ್ಲದೆ.

ಕಬ್ಬಿಣದ ಪೈಪಿಗೂ ಫೀಡ್ ಪಂಪಿಗೂ ನಡುವೆ ಒಂದಡಿ ಪಾರದರ್ಶಕ ಪ್ಲಾಸ್ಟಿಕ್ ಹೋಸ್ ಹಾಕಿ. ಇದು ಪರೀಕ್ಷೆಗೆ ಮಾತ್ರ. ಬಿಸಿಗೂ ಡೀಸೆಲ್‌ಗೂ ಅದು ಗಟ್ಟಿಯಾಗಿ ಒಡೆಯುತ್ತದೆ. ರಾತ್ರಿ ತುಂಬಿದ್ದ ಹೋಸ್ ಬೆಳಿಗ್ಗೆ ಟಾರ್ಚ್ ಬಿಟ್ಟು ನೋಡಿದರೆ ಮುಕ್ಕಾಲು ಖಾಲಿ. ಎಲ್ಲಿಂದಲೋ ಗಾಳಿ ನುಗ್ಗಿ ಡೀಸೆಲ್ ಟ್ಯಾಂಕಿಗೆ ಜಾರಿಹೋಗಿತ್ತು. ಸೆಲ್ಫ್ ಹೊಡೆದರೆ ಸೋಡಾ ಬಾಟಲಿಯ ಹಾಗೆ ಗುಳ್ಳೆ. ಬೆಳಿಗ್ಗೆ ಅರ್ಧ ನಿಮಿಷ ಹೊಗೆ ಬಾರದಿದ್ದುದಕ್ಕೆ ಕಾರಣ ಇದೇ.

ಪೈಪನ್ನು ಎರಡೂ ಕಡೆ ಬಿಚ್ಚಿ, ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಟ್ಟು, ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಅಷ್ಟು ಒತ್ತಡ ಬೇಕಿಲ್ಲ. ಟ್ಯಾಂಕಿನ ಹತ್ತಿರದ ರಬ್ಬರ್ ತುಂಡಿನಲ್ಲಿ ಕ್ಲಿಪ್ಪಿನ ಅಂಚಿಗೆ ಸರಿಯಾಗಿ ನೊರೆ ಉಬ್ಬಿತು. ಬಿಚ್ಚಿ ಬಗ್ಗಿಸಿದರೆ ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರುಕು. ನೇರ ಇಟ್ಟರೆ ಏನೂ ಕಾಣದು. ಡೀಸೆಲ್‌ಗೆಂದೇ ಬರುವ ಹೋಸ್ ಹಾಕಿ, ಪೈಪಿನ ತುದಿ ಬಿಗಿಯುವ, ಒಳಗೆ ತೂತಿರುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರುಗಳನ್ನೂ ಹೊಸದು ಹಾಕಿದೆ. ಹಳೇ ವಾಷರ್ ಒಮ್ಮೆ ಒತ್ತಿಕೊಂಡ ಮೇಲೆ ಎರಡನೇ ಸಲ ಸರಿ ಕೂರುವುದಿಲ್ಲ.

ಏರ್ ತೆಗೆಯುವುದು

1. ಫಿಲ್ಟರ್ ತಲೆಯ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ. ಕೆಳಗೆ ಹಳೇ ಬಟ್ಟೆ ಇಡಿ.
2. ಪ್ರೈಮರ್ ಒತ್ತುತ್ತಾ ಹೋಗಿ. ಮೊದಲು ಬುಸ್ ಬುಸ್, ಆಮೇಲೆ ನೊರೆ, ಕೊನೆಗೆ ಗುಳ್ಳೆ ಇಲ್ಲದ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ.
3. ದೊಡ್ಡ ಪಂಪಿನ ಮೇಲಿನ ಸ್ಕ್ರೂಗೂ ಹಾಗೇ ಮಾಡಿ.
4. ಇನ್ನೂ ಸ್ಟಾರ್ಟ್ ಆಗದಿದ್ದರೆ ಎರಡು ನಾಝಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಡೀಸೆಲ್ ಚಿಮ್ಮಿದ ಮೇಲೆ ಬಿಗಿಯಿರಿ. ಕೈ, ಮುಖ ದೂರ ಇರಲಿ.

ಸೆಲ್ಫ್ ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡ್ ಸಾಕು. ನಂತರ ಒಂದು ನಿಮಿಷ ಆರಲು ಬಿಡಿ. ಅವಸರಪಟ್ಟರೆ ಸೆಲ್ಫ್ ಮೋಟರ್ ಸುಟ್ಟು ಹೊಸ ಖರ್ಚು.

ಮರುದಿನ ಬೆಳಿಗ್ಗೆ ಎರಡೇ ಸೆಕೆಂಡಿಗೆ ಸ್ಟಾರ್ಟ್ ಆಯಿತು. ಅಮ್ಮ ಒಳಗಿಂದ "ಯಾರ ಗಾಡಿ ಬಂತು?" ಅಂದರು.

ಏರಿನಲ್ಲಿ ಮತ್ತೆ ನಿಂತಾಗ

ಖುಷಿ ಮೊದಲ ಲೋಡಿನ ತನಕ. ಒಂಬತ್ತನೇ ಕಿಲೋಮೀಟರಿನಲ್ಲಿ ಅದೇ ಸುಸ್ತು. ಪ್ಲಾಸ್ಟಿಕ್ ಹೋಸ್ ಇನ್ನೂ ತೆಗೆದಿರಲಿಲ್ಲ, ಅದು ನನ್ನ ಅದೃಷ್ಟ. ಬಾನೆಟ್ ಎತ್ತಿ ನೋಡಿದರೆ ಒಂದೂ ಗುಳ್ಳೆ ಇಲ್ಲ. ಆದರೆ ಹೋಸ್ ಮಜ್ಜಿಗೆ ಪ್ಯಾಕೆಟ್ಟು ಹೀರಿದ ಹಾಗೆ ಚಪ್ಪಟೆ! ಪಂಪ್ ಎಳೆಯುತ್ತಿದೆ, ಹಿಂದಿನಿಂದ ಏನೂ ಬರುತ್ತಿಲ್ಲ.

ಇಂಜಿನ್ ಓಡುತ್ತಿದ್ದ ಹಾಗೇ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಯ್ ಅಂತ ಉದ್ದನೆಯ ಸದ್ದು. ತಮ್ಮ ಮುಂದಿನಿಂದ ಕೂಗಿದ, "ಅಣ್ಣಾ, ಪೈಪು ಉಬ್ತು!" ಡೀಸೆಲ್ ಖಾಲಿಯಾದಷ್ಟು ಗಾಳಿ ಟ್ಯಾಂಕಿನೊಳಗೆ ಹೋಗಬೇಕು. ಅದಕ್ಕೆ ಮುಚ್ಚಳದಲ್ಲಿ ಸಣ್ಣ ದಾರಿ ಇರುತ್ತದೆ. ನನ್ನದರಲ್ಲಿ ಕೆಂಪು ಮಣ್ಣೂ ಡೀಸೆಲ್ಲೂ ಸೇರಿ ಗಾರೆಯ ಹಾಗೆ ಕೂತಿತ್ತು. ಹತ್ತು ನಿಮಿಷ ನಿಂತರೆ ಆ ಸಂದಿನಿಂದ ಅಷ್ಟಿಷ್ಟು ಗಾಳಿ ಇಳಿದು ಗಾಡಿ ಮತ್ತೆ ಹೊರಡುತ್ತಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದೆ. ಮುಚ್ಚಳದ ಬದಲು ಬಟ್ಟೆ ತುರುಕಿ ಓಡಿಸುವವರಿದ್ದಾರೆ. ಬೇಡ, ಮಳೆ ನೀರು, ಧೂಳು ಎಲ್ಲಾ ಟ್ಯಾಂಕಿಗೇ.

ನಾಲ್ಕು ದಿನ ಚೆನ್ನಾಗಿ ಓಡಿ ಐದನೇ ದಿನ ಮತ್ತೆ ನಿಂತಿತು. ಮುಚ್ಚಳ ತೆಗೆದೆ, ಈ ಸಲ ಸುಯ್ ಅನ್ನಲಿಲ್ಲ. ತಮ್ಮ ಆಕ್ಸಿಲರೇಟರ್ ಒತ್ತಿದರೆ ಹೋಸ್ ಚಪ್ಪಟೆ, ಇಂಜಿನ್ ಆಫ್ ಮಾಡಿದರೆ ಮೆಲ್ಲಗೆ ಉಬ್ಬುತ್ತದೆ. ಮುಚ್ಚಳ ತೆರೆದರೂ ಹೋಸ್ ಉಬ್ಬದಿದ್ದರೆ ಅಡ್ಡಿ ಇರುವುದು ಗಾಳಿಗಲ್ಲ, ಡೀಸೆಲ್‌ಗೆ, ಟ್ಯಾಂಕಿನೊಳಗೋ ಪೈಪಿನಲ್ಲೋ.

ಟ್ಯಾಂಕ್ ಖಾಲಿ ಮಾಡುವುದು ಬಯಲಲ್ಲಿ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ. ಹತ್ತಿರದಲ್ಲಿ ಬೀಡಿ ಸೇದುವವರನ್ನು ಮುಲಾಜಿಲ್ಲದೆ ಓಡಿಸಿ. ಡೀಸೆಲ್ ಬಸಿದು, ಒಳಗಿನ ಎಳೆಯುವ ಪೈಪನ್ನು ಮೇಲೆತ್ತಿದೆ. ತುದಿಯ ಜಾಲರಿಗೆ ಅಂಟಿಕೊಂಡಿತ್ತು, ಅಂಗೈ ಅಗಲದ ತೆಳು ಪ್ಲಾಸ್ಟಿಕ್. ಕ್ಯಾನಿನಲ್ಲಿ ಡೀಸೆಲ್ ತರುವಾಗ ಚೆಲ್ಲದಿರಲಿ ಅಂತ ಬಾಯಿಗೆ ಕವರ್ ಕಟ್ಟಿ ಮುಚ್ಚಳ ಬಿಗಿಯುತ್ತೇವಲ್ಲ, ಅದರದೇ ಚೂರು. ಜೋರಾಗಿ ಎಳೆದಾಗ ಬಂದು ಅಂಟಿಕೊಳ್ಳುವುದು, ನಿಂತಾಗ ಬಿಟ್ಟು ತೇಲುವುದು. ದೊಡ್ಡಪ್ಪನಿಗೆ ತೋರಿಸಿದರೆ, "ಅದಾ? ಆಗ್ಲಿಂದ್ಲೂ ಹಂಗೇ ನಿಲ್ತಿತ್ತು" ಅಂದರು. ಮೊದಲೇ ಹೇಳಬಹುದಿತ್ತು, ಅಲ್ವಾ?

ತಳದಲ್ಲಿ ಎರಡು ಚಮಚ ತುಕ್ಕಿನ ಪುಡಿ, ಒಂದು ಲೋಟದಷ್ಟು ನೀರು, ಜೊತೆಗೆ ಕಪ್ಪು ಲೋಳೆ. ನೀರಿರುವ ಟ್ಯಾಂಕಿನಲ್ಲಿ ಡೀಸೆಲ್ ತುಂಬಾ ದಿನ ನಿಂತರೆ ಸೂಕ್ಷ್ಮಜೀವಿ ಬೆಳೆದು ಈ ಲೋಳೆ ಆಗುತ್ತದೆ. ತೊಳೆದು, ಪೂರ್ತಿ ಒಣಗಿಸಿ, ಫೀಡ್ ಪಂಪಿನ ಸಣ್ಣ ಜಾಲರಿ ಶುದ್ಧ ಮಾಡಿ, ಡೀಸೆಲ್ ಫಿಲ್ಟರ್ ಹೊಸದು ಹಾಕಿದೆ. ಒಂದು ತಿಂಗಳಿಗೆ ಫಿಲ್ಟರ್ ಮತ್ತೆ ಬದಲಿಸಿದೆ. ತೊಳೆದ ಟ್ಯಾಂಕೂ ಸ್ವಲ್ಪ ದಿನ ಕಸ ಬಿಡುತ್ತದೆ.

ಬಿಸಿಯಾಗುವ ಮಾತು, ಚುಟುಕಾಗಿ

ನಮ್ಮ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು. ಬಿಂದಿಗೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ರೇಡಿಯೇಟರಿನ ಸಣ್ಣ ಕೊಳವೆಯನ್ನು ಬಿಡುತ್ತದೆಯೇ? ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಬೆರೆಸಿ ಹಾಕಿ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒತ್ತಡ ಹೋದ ಕ್ಷಣ ನೀರು ಕುದಿದು ಮುಖಕ್ಕೆ ಹಾರುತ್ತದೆ.

ಕ್ಯಾನ್ ಹಾಕಿದರೂ ಗಾಡಿ ಎಳೆಯದಿದ್ದರೆ

ಆಗ ಡೀಸೆಲ್ ಫಿಲ್ಟರ್, ಫೀಡ್ ಪಂಪ್, ಆಮೇಲೆ ನಾಝಲ್ ಪರೀಕ್ಷೆ, ಕಂಪ್ರೆಷನ್. ಪಂಪ್ ಇಳಿಸುವುದು ಎಲ್ಲಕ್ಕಿಂತ ಕೊನೆಗೆ. ಅದನ್ನು ಅಳತೆಯ ಯಂತ್ರದ ಮೇಲೆ ಕೂರಿಸಿ ನೋಡುವ ಡೀಸೆಲ್ ಪಂಪ್ ಅಂಗಡಿಗೇ ಕೊಡಿ. ಅದರ ಸ್ಕ್ರೂಗಳನ್ನು ಅಂದಾಜಿಗೆ ತಿರುಗಿಸಿದರೆ ಹೊಗೆ ಜಾಸ್ತಿಯಾಗುತ್ತದೆ, ಎಳೆತ ಅಲ್ಲ.

ಪ್ಲಾಸ್ಟಿಕ್ ಹೋಸ್ ತೆಗೆದು ರಬ್ಬರ್ ಹಾಕಿದ ಮೇಲೆ ಖಾಲಿ ಗಾಡಿಯನ್ನು ಅಂತರಗಂಗೆಯ ಹಿಂದಿನ ತೇರಹಳ್ಳಿ ಬೆಟ್ಟಕ್ಕೆ ಹತ್ತಿಸಿ ನೋಡಿದೆ. ಆಮೇಲೆ ಅರವತ್ತು ಕ್ರೇಟು. ಮಂಡಿ ತಲುಪಿದಾಗ ಹರಾಜು ಇನ್ನೂ ಶುರುವಾಗಿರಲಿಲ್ಲ. ಟ್ಯಾಂಕಿನ ಪೈಪ್ ವಾಪಸ್ ಇಳಿಸುವಾಗ ಗೇಜಿನ ಫ್ಲೋಟ್ ಎಲ್ಲೋ ಬಗ್ಗಿಸಿದ್ದೇನೆ ಅಂತ ಕಾಣುತ್ತದೆ, ಡೀಸೆಲ್ ಮುಳ್ಳು ಈಗ ಯಾವಾಗಲೂ ಅರ್ಧಕ್ಕೇ ನಿಂತಿರುತ್ತದೆ. ಸದ್ಯಕ್ಕೆ ಡೀಸೆಲ್ ಅಳೆಯಲು ಸೀಟಿನ ಕೆಳಗೆ ಒಂದು ಬಿದಿರು ಕಡ್ಡಿ ಇಟ್ಟುಕೊಂಡಿದ್ದೇನೆ. ಮುಂದಿನ ರಜಕ್ಕೆ ಆ ಗೇಜನ್ನೂ ಬಿಚ್ಚಬೇಕು.